ಕೋಶಕ್ಕೆ ಮಿಂಚಿನ ಬಾಗಿಲು

ಸಾವಳಗಿ ಸೀಮೆಯ ಕಬ್ಬಿನ ಗಾಣವನ್ನು ವಾಚಕರು ಕಂಡಿರಬಹುದು. ಅಲ್ಲಿ ಜೀವಕೋಶಗಳು ಒಡೆದ ಹೊರತು ರಸವು ಹೊರಬರದು. ಆದರೆ ಕೋಶವನ್ನು ಒಡೆಯದೆಯೇ ಅದರೊಳಕ್ಕೆ ಔಷಧವನ್ನು ಸೇರಿಸುವ ಉಪಾಯವೊಂದುಂಟು.

ಪ್ರತಿಯೊಂದು ಕೋಶವನ್ನೂ ಕೊಬ್ಬಿನಂಥ ದ್ರವ್ಯದ ತೆಳುಪೊರೆಯೊಂದು ಕಾಯುತ್ತಿರುವುದು. ಸೆಕೆಂಡಿನ ಹತ್ತುಸಾವಿರದಲ್ಲೊಂದು ಪಾಲಿನಷ್ಟು ಕಾಲ ಪ್ರಬಲ ವಿದ್ಯುತ್ತನ್ನು ಹಾಯಿಸಿದರೆ ಆ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳುಂಟಾಗಿ, ಕೆಲವು ನಿಮಿಷಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುವುವು. ೧೯೮೨ರಲ್ಲಿ ಎಬರ್ಹಾರ್ಡ್ ನಾಯ್ಮನ್ ಮತ್ತು ಸಂಗಡಿಗರು ಈ ಮಾರ್ಗದಿಂದ ಇಲಿಯ ಕೋಶಗಳಲ್ಲಿ ಹೊಸ ವಂಶವಾಹಿಯನ್ನು ಸೇರಿಸಿ ತೋರಿಸಿದರು.

ಬ್ಲಿಯೋಮೈಸಿನ್ ಎಂಬ ಔಷಧವು ತಾನಾಗಿ ಕೋಶವನ್ನು ಹೊಗುವುದು ಬಹು ಕಷ್ಟ. ವಿದ್ಯುತ್ತು ದಾರಿಮಾಡಿಕೊಟ್ಟಲ್ಲಿ ಅದರ ಅಲ್ಪ ಪ್ರಮಾಣವೂ ಚರ್ಮದ ಅರ್ಬುದದ ಗಂಟನ್ನು ಕುಗ್ಗಿಸಬಲ್ಲುದು. ಆದರೆ ವಿದ್ಯುತ್ತು ಮಿತಿಮೀರಿದರೆ ರಂಧ್ರವು ಮುಚ್ಚದೆ, ನೆರೆಯ ಆರೋಗ್ಯದ ಕೋಶವೂ ಸಾಯುವುದು. ಆದುದರಿಂದ ಇಲ್ಲಿ ಶಕ್ತಿಗಿಂತಲೂ ಅಳತೆಯೇ ದೊಡ್ಡದು; ಆ ಅಳತೆಯು ನುರಿತ ವೈದ್ಯರಿಗೇ ಸಲ್ಲತಕ್ಕದ್ದು.