ಪಿಂಗಾಣಿಯ ಗೊಂಬೆಯೂ ಅದರ ಕಥೆಯೂ



ತಿಪಟೂರಿನ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಡೆ ಕೊಬ್ಬರಿಗೆಂದು ಹರಡಿದ ತೆಂಗಿನಕಾಯಿ. ಇನ್ನೊಂದು ಮೂಲೆಯಲ್ಲಿ, ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ದಸರೆಯ ಗೊಂಬೆಗಳ ಪೆಟ್ಟಿಗೆ. ಪಟ್ಟದ ಗೊಂಬೆಗಳೊಡನೆ ಅದರಲ್ಲಿ ಮಣ್ಣಿನ ಪುಣ್ಯಕೋಟಿಯೂ ಹುಲಿಯೂ ಇವೆ. ಬಂಧುಗಳೊಬ್ಬರು ಇಂಗ್ಲೆಂಡಿನಿಂದ ತಂದುಕೊಟ್ಟ, ಶಾಲು ಹೊದ್ದು ಟೋಪಿಯಿಟ್ಟ ಒಂದು ಬಾತುಕೋಳಿಯೂ ಇದೆ. ಈ ಬಾತುಕೋಳಿಯ ಹುಟ್ಟನ್ನೂ, ಅದರಿಂದ ನಾನು ಕಲಿತ ಒಂದು ಮಾತನ್ನೂ ಇಂದು ತಮ್ಮ ಮುಂದಿಡಬಯಸುತ್ತೇನೆ.

ಇಂಥ ಗೊಂಬೆಯ ಒಳಗು ಟೊಳ್ಳು. ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಕೆನೆಯ ಹದಕ್ಕೆ ತಂದು, ಪ್ಲಾಸ್ಟರಿನ ಅಚ್ಚಿಗೆ ಹೊಯ್ಯುತ್ತಾರೆ. ಅಚ್ಚು ನೀರನ್ನು ಹೀರಿಕೊಂಡಂತೆ ಅದರ ಒಳಮೈಗೆ ಮಣ್ಣಿನ ಪದರ ಕಟ್ಟುತ್ತದೆ. ಮಿಕ್ಕುದನ್ನು ಬಸಿದರೆ, ಪದರವು ಒಣಗುತ್ತ ಕುಗ್ಗಿ ಅಚ್ಚಿನಿಂದ ತಾನಾಗಿಯೇ ಬಿಡಿಸಿಕೊಳ್ಳುವುದು. ನಮ್ಮ ಸೀಮೆಯವರಿಗೆ ಇದು ತೀರ ಹೊಸತಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಅಟ್ಟಗಳ ಮೇಲೆ ಹತ್ತು ಹನ್ನೆರಡು ತಿಂಗಳು ಕುಳಿತ ಕಾಯಿಯೊಳಗೆ ನೀರು ಆರಿ, ತಿರುಳು ಕುಗ್ಗಿ, ಚಿಪ್ಪನ್ನು ಬಿಟ್ಟು ಗುಡುಗುಡಿಸುವ ಉಂಡೆಗೊಬ್ಬರಿಯಾಗುವುದೂ ಬಹುಮಟ್ಟಿಗೆ ಇದೇ ಬಗೆಯಲ್ಲಿ. ಗೊಂಬೆಗಾದರೋ ಆಮೇಲೆ ಬೆಂಕಿಯ ಸಂಸ್ಕಾರವುಂಟು: ಒಮ್ಮೆ ಸುಟ್ಟು, ಬಣ್ಣ ಬರೆದು, ಮೆರುಗು ಕೊಟ್ಟು ಮತ್ತೆ ಸುಡುವರು.

ನಾವು ಮೆರುಗಿನ ಪಾತ್ರೆಗಳನ್ನೆಲ್ಲ ಪಿಂಗಾಣಿಯೆಂದೇ ಕರೆಯುತ್ತೇವೆ. ನಿಜವಾದ ಪಿಂಗಾಣಿ ತೆಳುವಾಗಿದ್ದಲ್ಲಿ ದೀಪಕ್ಕೆ ಹಿಡಿದರೆ ಬೆಳಕು ಮಂದವಾಗಿ ಹಾಯ್ದು ಬರುವುದು. ಚೀನೀಯರ ಈ ವಿದ್ಯೆ ಯೂರೋಪಿನವರಿಗೆ ಬಹುಕಾಲ ಒಗಟಾಗಿತ್ತು. 1710ರಲ್ಲಿ ಜರ್ಮನಿಯ ಮೈಸೆನ್ ನಗರದಲ್ಲಿ ಅದರ ಕಾರ್ಖಾನೆ ಸ್ಥಾಪಿತವಾಯಿತು. ನಮ್ಮ ಬಾತುಕೋಳಿಯಾದರೋ ಮೆರುಗು ಕೊಟ್ಟ ಮಣ್ಣಿನದೇ. ಬೆಳಕು ಅದರಲ್ಲಿ ಹಾಯುವುದಿಲ್ಲ.

ಅದರ ಹೆಸರು ಜೆಮೀಮಾ ಪಡಲ್‌ಡಕ್. ಬಿಯಾಟ್ರಿಕ್ಸ್ ಪಾಟರ್ ಎಂಬಾಕೆ ಅದರ ಕಥೆಯನ್ನು 1908ರಲ್ಲಿ ಪ್ರಕಟಿಸಿದಳು. ಇಂಗ್ಲೆಂಡಿನ ಬೆಸ್ವಿಕ್ ಕಾರ್ಖಾನೆಯು 1948ರಲ್ಲಿ ಆಕೆಯ ಕಥೆಗಳ ಪ್ರಾಣಿಗಳನ್ನು ಗೊಂಬೆಗಳಾಗಿ ಮಾರಾಟಕ್ಕಿಟ್ಟಾಗ ಮೊದಲ ಸಾಲಿನಲ್ಲಿ ಈ ಬಾತುಕೋಳಿಯಿತ್ತು. 2002ರಲ್ಲಿ ಕಾರ್ಖಾನೆ ಮುಚ್ಚಿತು. ಸಂಗ್ರಾಹಕರು ಗೊಂಬೆಯನ್ನು ಕೈಗೆತ್ತಿಕೊಂಡೊಡನೆ ಬುಡ ಮೇಲುಮಾಡಿ ನೋಡುವರು. ಹಳೆಯವುಗಳ ತಳದಲ್ಲಿ ಹೊಂಬಣ್ಣದ ಮುದ್ರೆ, ಈಚಿನವುಗಳಲ್ಲಿ ಕಂದು ಮುದ್ರೆ. ಬಿರುಕಿಲ್ಲದ ಹೊನ್ನ ಮುದ್ರೆಯ ಗೊಂಬೆಗೆ ಬೆಲೆ ಹೆಚ್ಚು.

ಕಳೆದ ನವರಾತ್ರಿಯಲ್ಲಿ ನಾನೂ ನನ್ನ ಸೋದರಸೊಸೆಗೆ ಆ ಮುದ್ರೆಯನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದೆ. ಆರು ವರ್ಷದ ಹುಡುಗಿ. ಅವಳ ಕಣ್ಣು ಮೇಲಿನ ಮೆಟ್ಟಿಲಿನ ಮೇಲಿತ್ತು. “ಮಾವ, ಆ ಹುಲಿ ಹಸುವನ್ನು ತಿಂದುಬಿಡುತ್ತದಲ್ಲವೆ?” ಎಂದಳು.

ನಾನು ನಾಚಿದೆನು. ಹುಲಿಯೆದುರು ಹಸು ನಿಂತಿದೆ. ಕಣ್ಣಿಗೆ ಕಾಣುವುದು ಅಷ್ಟೆ. ಕೊಟ್ಟ ಮಾತಿಗಾಗಿ ಕರುವನ್ನು ಬಿಟ್ಟು ಅದು ತಾನಾಗಿಯೇ ಹಿಂದಿರುಗಿ ಬಂದಿತೆಂಬುದನ್ನು ಮಣ್ಣು ಹೇಳಲಾರದು. ಶಾಲು ಹೊದ್ದ ಬಾತುಕೋಳಿಯೂ ಹಾಗೆಯೇ. ಸಭ್ಯನಂತೆ ನಟಿಸುವ ನರಿಯನ್ನು ನಂಬಿ, ತನ್ನನ್ನೇ ಬೇಯಿಸುವ ಅಡಿಗೆಗೆ ಸೊಪ್ಪು ತರಹೊರಟ ಮುಗ್ಧೆ ಅದು. ಒಂದು ನಾಯಿಯ ಜಾಣ್ಮೆಯಿಂದ ಬದುಕಿತು. ಕಥೆಯರಿಯದವರಿಗೆ ಅದೊಂದು ಚೆಂದದ ಹಕ್ಕಿ ಮಾತ್ರ.

ನಮ್ಮ ತಾಯಿಯವರು ಇದ್ದಾಗ ಇಂಥ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ. ಗೊಂಬೆಯ ಸುತ್ತಿನ ಬಟ್ಟೆಯನ್ನು ಬಿಚ್ಚುತ್ತಲೇ ಅವರು ಕಥೆಯನ್ನೂ ಬಿಚ್ಚುತ್ತಿದ್ದರು. ನಾನು ಗೊಂಬೆಗಳನ್ನು ಒಂದೂ ಒಡೆಯದಂತೆ ಕಾಪಾಡಿದ್ದೆ. ಕಥೆಯನ್ನು ಅಟ್ಟದ ಮೇಲೆಯೇ ಮರೆತಿದ್ದೆ.

ಆ ಸಂಜೆ ಹುಡುಗಿಗೆ ಎರಡು ಕಥೆಗಳನ್ನೂ ಹೇಳಿದೆನು. ಮಾರನೆಯ ದಿನ ಅರಿಸಿನ ಕುಂಕುಮಕ್ಕೆ ಬಂದ ನೆರೆಮನೆಯ ಮಕ್ಕಳಿಗೆ ಅವಳೇ ಹೇಳುತ್ತಿದ್ದಳು. ಗೊಂಬೆಗಳನ್ನು ಜೋಪಾನಮಾಡಿರುವ ಶ್ರೋತೃಗಳು, ಮುಂದಿನ ದಸರೆಗೆ ಪೆಟ್ಟಿಗೆ ತೆರೆಯುವಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಬೇಕೆಂದು ನನ್ನ ಬಿನ್ನಹ.