ಹುಟ್ಟಿದ ಊರೂ ದೇಶದ ಹಿರಿಯ ಪದವಿಯೂ



ಸಾಮಾನ್ಯವಾಗಿ ಈ ಪುಟದಲ್ಲಿ ಬಿತ್ತನೆ ಬೀಜ, ಗೊಬ್ಬರ, ಹುಳುಹುಪ್ಪಟೆಗಳ ವಿಚಾರವನ್ನೇ ಬರೆಯುತ್ತಿದ್ದೆನು. ಈ ಸಲ ದಾರಿ ಬಿಟ್ಟು ಬೇರೆ ವಿಚಾರ ಎತ್ತಿಕೊಂಡಿದ್ದೇನೆ. ಅದಕ್ಕೆ ಕಾರಣ ಹೆಡತಲೆಯ ಒಂದು ಜಗಲಿ.

ಮೊನ್ನೆ ಸಂಜೆ ಲಕ್ಷ್ಮೀಕಾಂತ ದೇವಸ್ಥಾನದ ಸಮೀಪ ಭತ್ತದ ಬೆಂಕಿರೋಗದ ಮಾತು ಮುಗಿಸಿ ಸೈಕಲ್ ಹತ್ತುವುದರಲ್ಲಿದ್ದೆ. ಅಷ್ಟರಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಬಂತು. ಮಹಿಳೆಯರ ಸ್ಥಾನಕ್ಕೆ ಯಾರನ್ನು ನಿಲ್ಲಿಸುವುದೆಂದು ಕೇಳಿದಾಗ ಒಬ್ಬರು ಒಂದು ಮನೆಯ ಸೊಸೆಯ ಹೆಸರು ಹೇಳಿದರು. ಆಕೆ ಸಂಘದ ಲೆಕ್ಕವನ್ನು ಒಂದು ಪೈ ತಪ್ಪದಂತೆ ಬರೆಯುವವರು. ಹತ್ತು ಜನರ ಮುಂದೆ ಹೆದರದೆ ಮಾತಾಡುವವರು. ಕೂಡಲೇ ಇನ್ನೊಬ್ಬರು, "ಆಯಮ್ಮ ತಾಳವಾಡಿ ಕಡೆಯೋಳು ಕಣಪ್ಪ, ತಮಿಳುನಾಡಲ್ಲಿ ಹುಟ್ಟಿದೋಳು. ನಮ್ಮ ಪಂಚಾಯ್ತಿಗೆ ನಿಲ್ಲೋಕೆ ಕಾನೂನು ಒಪ್ತದಾ?" ಎಂದರು. ಡಾ. ರಾಜ್‌ಕುಮಾರರ ಊರಾದ ಗಾಜನೂರೂ ಆ ತಾಳವಾಡಿ ಸೀಮೆಯದೇ ಅಲ್ಲವೆ ಎಂದು ಮತ್ತೊಬ್ಬರು ನಗಾಡಿದರು. ಆದರೆ ಹೈಸ್ಕೂಲು ಓದುವ ಒಂದು ಹುಡುಗಿ ಗಂಭೀರವಾಗಿಯೇ ಕೇಳಿದಳು: "ಅಮೆರಿಕದಲ್ಲಿ ಹೊರಗಡೆ ಹುಟ್ಟಿದವರು ಅಧ್ಯಕ್ಷರಾಗೋಕೆ ಆಗಲ್ಲವಂತೆ. ನಮ್ಮಲ್ಲಿ ರಾಷ್ಟ್ರಪತಿ ಆಗೋಕೆ ಎಲ್ಲಿ ಹುಟ್ಟಿರಬೇಕು ಸಾರ್?"

ಕೃಷಿ ಡಿಪ್ಲೊಮಾದಲ್ಲಿ ನನಗೆ ಮಣ್ಣಿನ ಪರೀಕ್ಷೆ ಕಲಿಸಿದರೇ ಹೊರತು ಸಂವಿಧಾನ ಕಲಿಸಲಿಲ್ಲ. ಆದುದರಿಂದ ಮುಂದಿನ ವಾರ ಹೇಳುತ್ತೇನೆಂದು ಸಮಯ ಕೇಳಿ, ಪುಸ್ತಕ ತೆರೆದು ನೋಡಿದೆನು. ಕಂಡದ್ದನ್ನು ಎಲ್ಲ ಗ್ರಾಮಸ್ಥರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸಂವಿಧಾನದ 58ನೆಯ ಅನುಚ್ಛೇದದಲ್ಲಿ ರಾಷ್ಟ್ರಪತಿಯಾಗುವವರಿಗೆ ಬೇಕಾದ ಅರ್ಹತೆಗಳನ್ನು ಹೇಳಿದೆ. ಅವರು ಭಾರತದ ಪೌರರಾಗಿರಬೇಕು. 35 ವರ್ಷ ತುಂಬಿರಬೇಕು. ಲೋಕಸಭೆಯ ಸದಸ್ಯರಾಗಿ ಆಯ್ಕೆಯಾಗುವ ಅರ್ಹತೆಯುಳ್ಳವರಾಗಿರಬೇಕು. ಸರ್ಕಾರದ ಸಂಬಳದ ಹುದ್ದೆಯಲ್ಲಿ ಇರಕೂಡದು. ಇಷ್ಟೇ. ಎಲ್ಲಿ ಹುಟ್ಟಿದವರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಹುಟ್ಟಿನಿಂದ ಪೌರರಾದವರಿಗೂ, ಬೇರೆ ದೇಶದಿಂದ ಬಂದು ಅರ್ಜಿ ಹಾಕಿ ಪೌರತ್ವ ಪಡೆದವರಿಗೂ ಈ ವಿಷಯದಲ್ಲಿ ಸಂವಿಧಾನವು ಭೇದ ಮಾಡಿಲ್ಲ. ಪ್ರಧಾನಮಂತ್ರಿಗಳ ಮಾತೂ ಹಾಗೆಯೇ. ಅವರು ಸಂಸತ್ತಿನ ಸದಸ್ಯರಾಗಿರಬೇಕು ಅಥವಾ ಆರು ತಿಂಗಳೊಳಗೆ ಆಗಬೇಕು, ಸದಸ್ಯರಾಗಲು ಪೌರತ್ವ ಬೇಕು. (ರಾಷ್ಟ್ರಪತಿ ಚುನಾವಣೆಗೆ ನಾಮಪತ್ರ ಹಾಕಲು 50 ಮಂದಿ ಸೂಚಕರು, 50 ಮಂದಿ ಅನುಮೋದಕರು, 15,000 ರೂಪಾಯಿ ಠೇವಣಿ ಬೇಕಾಗುತ್ತದೆ. ಆ ನೂರು ಮಂದಿಯೂ ಮತ ಹಾಕುವ ಹಕ್ಕುಳ್ಳ ಸಂಸದರೋ ಶಾಸಕರೋ ಆಗಿರಬೇಕು. ಆದ್ದರಿಂದ ಜಗಲಿಯಲ್ಲಿ ಯಾರೂ ಆತುರಪಡಬೇಕಾಗಿಲ್ಲ.)

ಹೀಗೇಕೆ ಮಾಡಿದರು? ನಮ್ಮ ಮನೆಗಳನ್ನೇ ನೋಡಿದರೆ ಅರ್ಥವಾಗುತ್ತದೆ. ಆ ದಿನ ಜಗಲಿಯಲ್ಲಿದ್ದ ಎಂಬತ್ತು ದಾಟಿದ ಹಿರಿಯರೊಬ್ಬರು ಹುಟ್ಟಿದಾಗ ಹೆಡತಲೆ ಇದ್ದುದು ಮಹಾರಾಜರ ಮೈಸೂರು ಸಂಸ್ಥಾನದಲ್ಲಿ. ಅವರು ಮಹಾರಾಜರ ಪ್ರಜೆ. ಅವರ ಮನೆಯವರು ಕೊಳ್ಳೇಗಾಲದವರು. ಆಗ ಕೊಳ್ಳೇಗಾಲ ಬ್ರಿಟಿಷರ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದುದು 1956ರ ನವೆಂಬರ್ 1ರಂದು. ಗಂಡ ಒಬ್ಬ ದೊರೆಯ ಪ್ರಜೆ, ಹೆಂಡತಿ ಇನ್ನೊಬ್ಬ ದೊರೆಯ ಪ್ರಜೆ. ಭಾರತದ ಪೌರ ಎಂಬ ಹೆಸರೇ ಆಗ ಇರಲಿಲ್ಲ. ಸಂವಿಧಾನದ ಬಹುಭಾಗ 1950ರ ಜನವರಿ 26ರಂದು ಜಾರಿಗೆ ಬಂದರೂ, ಪೌರತ್ವದ ವಿಧಿಗಳು 1949ರ ನವೆಂಬರ್ 26ರಂದೇ ಜಾರಿಗೆ ಬಂದವು. ಭಾರತದಲ್ಲಿ ನೆಲೆಸಿದ್ದು, ಇಲ್ಲಿ ಹುಟ್ಟಿದವರು, ಅಥವಾ ತಂದೆತಾಯಿಗಳಲ್ಲಿ ಒಬ್ಬರು ಇಲ್ಲಿ ಹುಟ್ಟಿದವರು, ಅಥವಾ ಐದು ವರ್ಷಗಳಿಗೆ ಕಡಮೆಯಿಲ್ಲದೆ ಇಲ್ಲಿ ವಾಸವಾಗಿದ್ದವರು ಪೌರರಾದರು. ಸಂಸ್ಥಾನ ಯಾವುದು, ಪ್ರಾಂತ್ಯ ಯಾವುದು ಎಂದು ಕೇಳಲಿಲ್ಲ.

ಸ್ವತಂತ್ರ ಭಾರತದಲ್ಲಿ ಹುಟ್ಟಿದವರೇ ರಾಷ್ಟ್ರಪತಿಯಾಗಬೇಕೆಂದು ಬರೆದಿದ್ದರೆ ಬಹಳ ಕಾಲ ಆ ಕುರ್ಚಿ ಖಾಲಿಯಿರುತ್ತಿತ್ತು. ಬಾಬು ರಾಜೇಂದ್ರಪ್ರಸಾದರಿಂದ ಮೊದಲಾಗಿ ರಾಮನಾಥ ಕೋವಿಂದರವರೆಗೆ ಎಲ್ಲ ರಾಷ್ಟ್ರಪತಿಗಳೂ 1947ಕ್ಕೆ ಮೊದಲು ಹುಟ್ಟಿದವರು. ಸ್ವಾತಂತ್ರ್ಯದ ನಂತರ ಹುಟ್ಟಿ ರಾಷ್ಟ್ರಪತಿಯಾದ ಮೊದಲಿಗರು 2022ರಲ್ಲಿ ಆಯ್ಕೆಯಾದ ದ್ರೌಪದಿ ಮುರ್ಮು ಅವರು. ಹುಟ್ಟಿದ್ದು 1958ರಲ್ಲಿ, ಒಡಿಶಾದ ಉಪರಬೇಡ ಎಂಬ ಹಳ್ಳಿಯಲ್ಲಿ. ಸಾರ್ವಜನಿಕ ಜೀವನ ಆರಂಭಿಸಿದ್ದು 1997ರಲ್ಲಿ ರಾಯರಂಗಪುರದ ನಗರ ಪಂಚಾಯಿತಿಯ ಸದಸ್ಯೆಯಾಗಿ. ಪಂಚಾಯಿತಿಯ ಸ್ಥಾನವೆಂದು ಹಗುರವಾಗಿ ಮಾತಾಡುವವರು ಇದನ್ನು ನೆನಪಿಡಲಿ.

ನಮ್ಮ ಕನ್ನಡ ನಾಡಿನಿಂದಲೂ ಉದಾಹರಣೆಗಳಿವೆ. ಬಿ.ಡಿ. ಜತ್ತಿಯವರು ಜಮಖಂಡಿ ಸೀಮೆಯ ಸಾವಳಗಿಯವರು. ಆಗ ಜಮಖಂಡಿಯೇ ಒಂದು ಸಣ್ಣ ಸಂಸ್ಥಾನ. ಅಂಥ ಕಡೆ ಹುಟ್ಟಿದವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ದೇಶದ ಉಪರಾಷ್ಟ್ರಪತಿಯಾಗಿ, ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯೂ ಆದರು. 1996ರಲ್ಲಿ ಪ್ರಧಾನಿಯಾದ ಎಚ್.ಡಿ. ದೇವೇಗೌಡರು 1933ರಲ್ಲಿ ಹರದನಹಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದಾಗ ಅವರೂ ಮೈಸೂರು ಮಹಾರಾಜರ ಪ್ರಜೆಯೇ. ಇವರ ನಂತರ ಬಂದ ಐ.ಕೆ. ಗುಜ್ರಾಲರೂ, 2004ರಿಂದ 2014ರವರೆಗೆ ಪ್ರಧಾನಿಯಾಗಿದ್ದ ಮನಮೋಹನ ಸಿಂಗರೂ ಹುಟ್ಟಿದ ಊರುಗಳು ಈಗ ಪಾಕಿಸ್ತಾನದಲ್ಲಿವೆ. ಊರುಗಳೇನೋ ಗಡಿಯಾಚೆ ಉಳಿದವು. ಅವರನ್ನು ಪರದೇಶದವರೆಂದು ಯಾರೂ ಹೇಳಲಿಲ್ಲ.

ಈ ಪ್ರಶ್ನೆಯು ಬಿಸಿಯೇರಿದ್ದು 1999ರಲ್ಲಿ, ಅದೂ ನಮ್ಮ ರಾಜ್ಯದಲ್ಲಿಯೇ. ರಾಜಕೀಯ ನನ್ನ ಕೆಲಸವಲ್ಲ; ನಡೆದುದನ್ನು ಮಾತ್ರ ಹೇಳುತ್ತೇನೆ. ಇಟಲಿಯಲ್ಲಿ ಹುಟ್ಟಿ, ಇಲ್ಲಿಗೆ ಮದುವೆಯಾಗಿ ಬಂದು, 1983ರಲ್ಲಿ ನೋಂದಣಿಯ ಮೂಲಕ ಪೌರತ್ವ ಪಡೆದ ಸೋನಿಯಾ ಗಾಂಧಿಯವರು ಬಳ್ಳಾರಿಯಿಂದ ಲೋಕಸಭೆಗೆ ನಿಂತರು. ಎದುರಾಳಿ ಸುಷ್ಮಾ ಸ್ವರಾಜ್ ಅವರು ಕನ್ನಡ ಕಲಿತು ಭಾಷಣ ಮಾಡಿದರು. ಹೊರದೇಶದಲ್ಲಿ ಹುಟ್ಟಿದವರು ದೇಶವಾಳಬಹುದೆ ಎಂಬುದೇ ಆ ಚುನಾವಣೆಯ ದೊಡ್ಡ ಚರ್ಚೆಯಾಯಿತು. ಬಳ್ಳಾರಿಯ ಮತದಾರರು ಸುಮಾರು 56,000 ಮತಗಳ ಅಂತರದಿಂದ ಸೋನಿಯಾರನ್ನು ಆರಿಸಿದರು. ಅಮೇಥಿಯಲ್ಲಿಯೂ ಗೆದ್ದುದರಿಂದ ಅವರು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಅದೇ ವರ್ಷ ಕಾಂಗ್ರೆಸ್ಸಿನ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಅವರು ಭಾರತದಲ್ಲಿ ಹುಟ್ಟಿದವರೇ ಹಿರಿಯ ಪದವಿಗಳಿಗೆ ಬರುವಂತೆ ಸಂವಿಧಾನ ತಿದ್ದಬೇಕೆಂದು ಕೇಳಿ, ಪಕ್ಷದಿಂದ ಹೊರಗಾಗಿ ಬೇರೆ ಪಕ್ಷ ಕಟ್ಟಿದರು. ಆಯ್ಕೆಯ ವಿರುದ್ಧ ಹಾಕಿದ್ದ ತಕರಾರನ್ನು ಸುಪ್ರೀಂ ಕೋರ್ಟು 2001ರಲ್ಲಿ ತಳ್ಳಿಹಾಕಿತು. 2004ರಲ್ಲಿ ಪ್ರಧಾನಿಯಾಗುವ ಅವಕಾಶ ಬಂದಾಗ ಸೋನಿಯಾ ಅವರು ತಾವೇ ಬೇಡವೆಂದರು. ಕಾನೂನು ಅವರನ್ನು ತಡೆದಿರಲಿಲ್ಲ. 58ನೆಯ ಅನುಚ್ಛೇದದಲ್ಲಿ ಹುಟ್ಟೂರಿನ ಮಾತು ಇಂದಿಗೂ ಸೇರಿಲ್ಲ.

ಇನ್ನು ಅಮೆರಿಕದ ವಿಚಾರ. ಆ ಹುಡುಗಿ ಹೇಳಿದ್ದು ಸರಿ. ಅಲ್ಲಿ ಅಧ್ಯಕ್ಷರಾಗಲು ಹುಟ್ಟಿನಿಂದಲೇ ಆ ದೇಶದ ಪೌರರಾಗಿರಬೇಕು, 35 ವರ್ಷ ತುಂಬಿರಬೇಕು, 14 ವರ್ಷ ಆ ದೇಶದಲ್ಲಿ ವಾಸವಿರಬೇಕು. ಹೊರಗಿನ ರಾಜಮನೆತನದವರು ಬಂದು ಅಧಿಕಾರ ಹಿಡಿದಾರೆಂಬ ಅಂಜಿಕೆ ಅಂದಿನವರಿಗಿತ್ತು. ಆದರೆ ಅವರಿಗೂ ನಮ್ಮಂಥದೇ ತೊಡಕು ಬಂತು. ದೇಶವೇ ಹೊಸದು, ವಯಸ್ಸಿಗೆ ಬಂದವರೆಲ್ಲ ಬ್ರಿಟಿಷ್ ಪ್ರಜೆಗಳಾಗಿ ಹುಟ್ಟಿದವರು. ಅದಕ್ಕಾಗಿ, ಸಂವಿಧಾನ ಅಂಗೀಕಾರವಾಗುವ ಹೊತ್ತಿಗೆ ಪೌರರಾಗಿದ್ದವರಿಗೂ ಅವಕಾಶವುಂಟು ಎಂದು ಸೇರಿಸಿದರು. ಸ್ವತಂತ್ರ ಅಮೆರಿಕದ ಪೌರರಾಗಿಯೇ ಹುಟ್ಟಿ ಅಧ್ಯಕ್ಷರಾದ ಮೊದಲಿಗರು ಎಂಟನೆಯ ಅಧ್ಯಕ್ಷ ಮಾರ್ಟಿನ್ ವಾನ್ ಬ್ಯೂರೆನ್. ಅವರು ಪದವಿಗೆ ಬಂದದ್ದು 1837ರಲ್ಲಿ.

ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿದ ಶ್ರೀ ಥಾನೇದಾರ್ ಎಂಬುವರು ಅಮೆರಿಕದ ಪೌರರಾಗಿ 2022ರ ಚುನಾವಣೆಯಲ್ಲಿ ಮಿಷಿಗನ್ ರಾಜ್ಯದಿಂದ ಅಲ್ಲಿನ ಸಂಸತ್ತಿಗೆ ಗೆದ್ದರು. ಅದಕ್ಕೆ ಏಳು ವರ್ಷ ಪೌರರಾಗಿದ್ದರೆ ಸಾಕು. ಆದರೆ ಎಷ್ಟು ಮತ ಬಂದರೂ ಅವರು ಅಧ್ಯಕ್ಷರಾಗುವಂತಿಲ್ಲ. ಕೆನಡಾ ದೇಶದ ರೀತಿ ಬೇರೆ. ಶಿರಾ ತಾಲ್ಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ ಅವರು 2015ರಲ್ಲಿ ಅಲ್ಲಿನ ಸಂಸದರಾಗಿ, 2022ರಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿಯೇ ಮಾತಾಡಿದರು. 2025ರ ಜನವರಿಯಲ್ಲಿ ಪಕ್ಷದ ನಾಯಕತ್ವಕ್ಕೆ, ಅಂದರೆ ಪ್ರಧಾನಿ ಪದವಿಗೇ, ಸ್ಪರ್ಧಿಸುವುದಾಗಿ ಸಾರಿದರು. ಪಕ್ಷದವರು ಒಪ್ಪಲಿಲ್ಲವೆಂಬುದು ನಿಜ. ಶಿರಾದಲ್ಲಿ ಹುಟ್ಟಿದವರೆಂದು ಆ ದೇಶದ ಕಾನೂನು ಅಡ್ಡ ಬರಲಿಲ್ಲ.

ಇದನ್ನೆಲ್ಲ ಜಗಲಿಯಲ್ಲಿ ಹೇಳಿದಾಗ ಹಿರಿಯರೊಬ್ಬರು ಅಮೆರಿಕದವರ ಪಕ್ಷ ಹಿಡಿದರು. "ನಂಜನಗೂಡು ರಸಬಾಳೆ ಬೇರೆ ಮಣ್ಣಿಗೆ ಹಾಕಿ ನೋಡಿ, ಆ ರುಚಿ ಬರ್ತದಾ?" ಎಂದರು. ಪಕ್ಕದವರು ಬಿಡಲಿಲ್ಲ: "ಭತ್ತದ ಒಟ್ಲು ಎಲ್ಲಿ ಬಿಟ್ಟರೇನು? ನಾಟಿ ಹಾಕಿದ ಗದ್ದೇಲಿ ತೆನೆ ಬಿಡೋದಿಲ್ವಾ?" ಇಬ್ಬರ ಮಾತಿನಲ್ಲಿಯೂ ಹುರುಳಿದೆ. ಆದರೆ ನಮ್ಮ ಮಹಾರಾಜರ ವಂಶದ ಮೂಲಪುರುಷ ಯದುರಾಯರೇ ದ್ವಾರಕೆಯಿಂದ ಬಂದವರೆಂದೂ, ನಮ್ಮ ತಾಲ್ಲೂಕಿನ ಹದಿನಾರಿನ ಸೀಮೆಯಲ್ಲಿ ಮೊದಲು ನೆಲೆಯೂರಿದರೆಂದೂ ಹಿರಿಯರು ಹೇಳುವ ಐತಿಹ್ಯವಿದೆಯಲ್ಲವೆ? ನನಗಂತೂ ಒಟ್ಲಿನ ಮಾತೇ ಒಪ್ಪಿಗೆಯಾಯಿತು.

ಹಾಗೆಂದು ಹುಟ್ಟಿದ ಸ್ಥಳಕ್ಕೆ ಬೆಲೆಯೇ ಇಲ್ಲವೆಂದು ತಿಳಿಯಕೂಡದು. ಪದವಿಗೆ ಹುಟ್ಟೂರು ಬೇಡ, ಪೌರತ್ವ ಬೇಕು; ಆ ಪೌರತ್ವಕ್ಕೆ ಹುಟ್ಟಿದ ಸ್ಥಳವೂ ದಿನವೂ ಬೇಕಾಗುತ್ತವೆ. 1955ರ ಪೌರತ್ವ ಕಾಯಿದೆ ಮತ್ತು ಅದರ ತಿದ್ದುಪಡಿಗಳ ಪ್ರಕಾರ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಭಾರತದಲ್ಲಿ ಹುಟ್ಟಿದವರು, ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ತಂದೆತಾಯಿ ಯಾರೇ ಆಗಲಿ ಪೌರರು. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಾದರೆ ತಂದೆತಾಯಿಗಳಲ್ಲಿ ಒಬ್ಬರಾದರೂ ಪೌರರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಪೌರರಾಗಿರಬೇಕು, ಇಲ್ಲವೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಕೂಡದು.

ಬೈಲುಕುಪ್ಪೆಯ ಟಿಬೆಟನ್ನರನ್ನು ತಾವೆಲ್ಲ ಬಲ್ಲಿರಿ. ಕೊಳ್ಳೇಗಾಲದಾಚೆ ಒಡೆಯರಪಾಳ್ಯದಲ್ಲಿ ಮುಸುಕಿನ ಜೋಳ ಬೆಳೆಯುವವರನ್ನೂ ಬಲ್ಲಿರಿ. ಅವರಲ್ಲಿ 1987ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಬಹಳ ಕಾಲ ನಿರಾಶ್ರಿತರೆಂದೇ ಎಣಿಸಲ್ಪಟ್ಟಿದ್ದರು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಕಾಯಿದೆಯ ಪ್ರಕಾರ ಅಂಥವರು ಹುಟ್ಟಿನಿಂದಲೇ ಭಾರತದ ಪೌರರೆಂದು ತೀರ್ಪಿತ್ತವು. ಅಂದರೆ 1970ರಲ್ಲಿ ಬೈಲುಕುಪ್ಪೆಯ ಹೊಲದ ಮನೆಯಲ್ಲಿ ಹುಟ್ಟಿದ ಟಿಬೆಟನ್ ರೈತನ ಮಗನು ಪೌರನಾಗಿ ಉಳಿದಿದ್ದರೆ, ಮಿಕ್ಕ ಷರತ್ತುಗಳು ಹೊಂದಿದಲ್ಲಿ, ರಾಷ್ಟ್ರಪತಿ ಪದವಿಗೂ ನಿಲ್ಲಬಹುದು.

ಮಕ್ಕಳು ಪರದೇಶದಲ್ಲಿರುವ ಮನೆಗಳವರು ಒಂದು ಮಾತು ತಿಳಿದಿರತಕ್ಕದ್ದು. ನಮ್ಮಲ್ಲಿ ಎರಡು ದೇಶಗಳ ಪೌರತ್ವವಿಲ್ಲ. ಮಗನು ತಾನಾಗಿ ಅಮೆರಿಕದ ಪೌರತ್ವ ಪಡೆದ ಕ್ಷಣವೇ, ಹೆಡತಲೆಯಲ್ಲಿಯೇ ಹುಟ್ಟಿದ್ದರೂ, ಭಾರತದ ಪೌರತ್ವ ಹೋಗುತ್ತದೆ, ಮತವೂ ಇಲ್ಲ. ಸಾಗರೋತ್ತರ ಭಾರತೀಯರ ಕಾರ್ಡು ಬಂದು ಹೋಗಲು ಅನುಕೂಲವೇ ಹೊರತು ಪೌರತ್ವವಲ್ಲ. ಆ ಕಾರ್ಡಿನವರು ಪಿತ್ರಾರ್ಜಿತವಾಗಿ ಬಂದ ಜಮೀನನ್ನು ಇಟ್ಟುಕೊಳ್ಳಬಹುದು, ಕ್ರಯಕ್ಕೆ ವ್ಯವಸಾಯದ ಜಮೀನು ಕೊಳ್ಳುವಂತಿಲ್ಲ. ಪರದೇಶದಲ್ಲಿ ಹುಟ್ಟಿದ ಮೊಮ್ಮಗುವಿಗೆ ಭಾರತದ ಪೌರತ್ವ ಬೇಕೆಂದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಹೆಸರು ನೋಂದಾಯಿಸಬೇಕು.

ಇಲ್ಲಿ ಹುಟ್ಟುವ ಮಕ್ಕಳ ವಿಚಾರದಲ್ಲಿಯೂ ಉದಾಸೀನ ಬೇಡ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಒಂದು ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆಜ್ಞೆ ತರಬೇಕಾಗುತ್ತದೆ. ಆ ಓಡಾಟ ಪಟ್ಟವರನ್ನು ನಾನು ಕಂಡಿದ್ದೇನೆ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ ಹುಟ್ಟಿದ ದಿನವನ್ನೂ ಸ್ಥಳವನ್ನೂ ತೋರಿಸಲು ಜನನ ಪ್ರಮಾಣಪತ್ರವೇ ದಾಖಲೆ.

ಈಗ ಆ ತಾಳವಾಡಿಯ ಸೊಸೆಯ ವಿಚಾರ. ರಾಷ್ಟ್ರಪತಿಗೇ ಕೇಳದ ಹುಟ್ಟೂರನ್ನು ಪಂಚಾಯಿತಿಯ ಸದಸ್ಯೆಗೆ ಕೇಳುವುದಿಲ್ಲ. 21 ವರ್ಷ ತುಂಬಿ, ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, ಬೇರೆ ಅನರ್ಹತೆ ಇಲ್ಲದಿದ್ದರೆ ನಿಲ್ಲಬಹುದು. ಪರಿಶಿಷ್ಟರಿಗೆ ಮೀಸಲಾದ ಸ್ಥಾನವಾದರೆ ಮಾತ್ರ ವಿಚಾರಿಸಿ ನೋಡಬೇಕು, ಏಕೆಂದರೆ ಜಾತಿಪಟ್ಟಿ ರಾಜ್ಯರಾಜ್ಯಕ್ಕೆ ಬೇರೆ. ಇದು ಸಾಮಾನ್ಯ ಮಹಿಳಾ ಸ್ಥಾನ, ಆ ತೊಡಕಿಲ್ಲ. ಇಷ್ಟು ಹೇಳಿ, ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇನಮ್ಮ ಎಂದು ಆಕೆಯನ್ನು ಕೇಳಿದೆ. ಮದುವೆಯಾಗಿ ಆರು ವರ್ಷವಾದರೂ ಹೆಸರು ತವರಿನ ಪಟ್ಟಿಯಲ್ಲಿಯೇ ಉಳಿದಿತ್ತು. ಯಾರೂ ವರ್ಗ ಮಾಡಿಸಿರಲಿಲ್ಲ. ಗುರುವಾರ ಅತ್ತೆಯವರೇ ಜೊತೆಗೆ ಬಂದು, ನಮೂನೆ 8 ತುಂಬಿಸಿ ಮತಗಟ್ಟೆ ಅಧಿಕಾರಿಯ ಕೈಗೆ ಕೊಟ್ಟರು.