ಕಾಡುದಾರಿಯ ವಾಹನಕ್ಕೆ ಚಕ್ರ ಮತ್ತು ಸ್ಪ್ರಿಂಗ್: ಅಂದಕ್ಕಿಂತ ಅಳತೆ ಮೊದಲು

ಮಲೆನಾಡು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ನಾಲ್ಕು ಚಕ್ರಗಳಿಗೂ ಚಾಲನಾಶಕ್ತಿಯಿರುವ ಸಣ್ಣ ವಾಹನವು ವಿಲಾಸದ ವಸ್ತುವಲ್ಲ. ಗೊಬ್ಬರ, ಸಲಕರಣೆ ಹಾಗೂ ಕೆಲಸಗಾರರನ್ನು ಸಾಗಿಸುವ ದುಡಿಮೆಯ ಸಾಧನ. ಹಳೆಯ ಜೀಪಿನ ನಂತರ 1985ರಲ್ಲಿ ಬಂದ ಮಾರುತಿ ಜಿಪ್ಸಿ ಮೂರು ದಶಕಗಳಿಗೂ ಹೆಚ್ಚು ಕಾಲ ಬಳಕೆಯಲ್ಲಿ ಉಳಿಯಿತು. 2023ರ ಜೂನ್‌ನಲ್ಲಿ ಐದು ಬಾಗಿಲಿನ ಜಿಮ್ನಿ ಮಾರುಕಟ್ಟೆಗೆ ಬಂದಿತು. ಇಂತಹ ವಾಹನಗಳ ಮಾಲೀಕರಲ್ಲಿ ಅನೇಕರು ಕಾರ್ಖಾನೆಯಿಂದ ಬಂದ ಚಕ್ರ, ಟೈರು, ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸಿಕೊಳ್ಳಲು ಬಯಸುವುದರಿಂದ ಬಿಡಿಭಾಗಗಳ ವರ್ತಕರಿಗೂ ಸಣ್ಣ ತಯಾರಕರಿಗೂ ಒಂದು ವ್ಯಾಪಾರಾವಕಾಶ ಒದಗಿದೆ. ಆದರೆ ಈ ಅವಕಾಶದೊಡನೆ ಹೊಣೆಗಾರಿಕೆಯೂ ಬಂದಿದೆ ಎಂಬುದನ್ನು ವರ್ತಕರು ಗಮನಿಸುವುದು ಅವಶ್ಯ.

ರಿಮ್ಮಿನ ಆಯ್ಕೆ

ಜಿಮ್ನಿಯ ಮೂಲ ರಿಮ್ 15 ಅಂಗುಲ ವ್ಯಾಸ ಮತ್ತು 5.5 ಅಂಗುಲ ಅಗಲದ್ದು. ಐದು ನಟ್ಟುಗಳ ವೃತ್ತದ ವ್ಯಾಸ 139.7 ಮಿ.ಮೀ.; ನಡುರಂಧ್ರ ಸುಮಾರು 108 ಮಿ.ಮೀ. ಜಿಪ್ಸಿಯ ನಟ್ಟುಗಳ ವೃತ್ತವೂ ಇದೇ ಅಳತೆಯದಾದ್ದರಿಂದ ಒಂದರ ರಿಮ್ಮನ್ನು ಇನ್ನೊಂದಕ್ಕೆ ಕೂಡಿಸಬಹುದೆಂಬ ಭಾವನೆ ಸಹಜವಾಗಿ ಮೂಡುತ್ತದೆ. ನಟ್ಟು ಕೂತ ಮಾತ್ರಕ್ಕೆ ಚಕ್ರ ಹೊಂದಿತೆಂದು ಅರ್ಥವಲ್ಲ. ನಡುರಂಧ್ರ, ಬ್ರೇಕಿಗೆ ಬೇಕಾದ ಎಡೆ, ನಟ್ಟು ಕೂರುವ ಕುಳಿಯ ಆಕಾರ ಮತ್ತು ಆಫ್‌ಸೆಟ್ ಇವೆಲ್ಲವೂ ಸರಿಹೊಂದಬೇಕು.

ರಿಮ್ಮಿನ ಅಗಲದ ನಡುಗೆರೆಗೂ ಅದು ವಾಹನಕ್ಕೆ ತಗಲುವ ಮುಖಕ್ಕೂ ಇರುವ ಅಂತರವೇ ಆಫ್‌ಸೆಟ್. ಜಿಮ್ನಿಯಲ್ಲಿ ಇದು ಅಧಿಕ 5 ಮಿ.ಮೀ. ಇದರ ಬದಲು 7 ಅಂಗುಲ ಅಗಲದ, ಋಣ 10 ಮಿ.ಮೀ. ಆಫ್‌ಸೆಟ್‌ನ ರಿಮ್ ಹಾಕಿದರೆ ಅದರ ಹೊರ ಅಂಚು ಪ್ರತಿ ಬದಿಯಲ್ಲಿ 34 ಮಿ.ಮೀ. ಹೊರಚಾಚುತ್ತದೆ, ಒಳ ಅಂಚು 4 ಮಿ.ಮೀ. ಒಳಕ್ಕೆ ಸರಿಯುತ್ತದೆ. ನೋಡಲು ವಾಹನ ಅಗಲವಾಗಿ ದೃಢವೆನಿಸುವುದು ನಿಜ. ಆದರೆ ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ, ಕೆಸರು ಮತ್ತು ಕಲ್ಲು ಮಡ್‌ಗಾರ್ಡ್ ಮೀರಿ ಸಿಡಿಯುತ್ತವೆ.

ಉಕ್ಕಿನ ಡಿಸ್ಕ್ ಮತ್ತು ಅಲಾಯ್ ನಡುವಣ ಆಯ್ಕೆಯನ್ನು ಬಳಕೆಯೇ ನಿರ್ಧರಿಸಬೇಕು. ಕಲ್ಲಿಗೆ ಬಡಿದಾಗ ಉಕ್ಕು ಸಾಮಾನ್ಯವಾಗಿ ಬಾಗುತ್ತದೆ. ಕಡಿಮೆ ಗುಣಮಟ್ಟದ ಅಲಾಯ್ ಬಿರುಕು ಬಿಡುತ್ತದೆ. ಯಾವುದೇ ಆದರೂ ಅದರ ಮೇಲೆ ಭಾರ ತಾಳುವ ಮಿತಿ ನಮೂದಾಗಿರಬೇಕು. ಜಿಮ್ನಿಯ ಒಟ್ಟು ಅನುಮತಿತ ತೂಕ 1,545 ಕಿ.ಗ್ರಾಂ. ನಾಲ್ಕರಿಂದ ಭಾಗಿಸಿದರೆ ಒಂದು ಚಕ್ರಕ್ಕೆ 386 ಕಿ.ಗ್ರಾಂ. ಬರುತ್ತದೆ. ಆದರೆ ಸರಕು ತುಂಬಿದಾಗ ಹಿಂಬದಿಗೆ ಹೆಚ್ಚಿನ ಪಾಲು ಬೀಳುವುದರಿಂದ ಈ ಸರಾಸರಿಯನ್ನು ನಂಬಿ ರಿಮ್ ಆರಿಸುವುದು ಸಲ್ಲದು. ಹಿಂದಿನ ಆಕ್ಸಲ್‌ನ ಅನುಮತಿತ ಭಾರದ ಅರ್ಧವನ್ನು ಆಧಾರವಾಗಿಟ್ಟುಕೊಳ್ಳಬೇಕು.

ಟೈರಿನ ಗಾತ್ರ

ಮೂಲ ಟೈರು 195/80 ಆರ್ 15. ಲೆಕ್ಕದಂತೆ ಅದರ ವ್ಯಾಸ 693 ಮಿ.ಮೀ. ಅನೇಕರು ಬಯಸುವ 235/75 ಆರ್ 15ರ ವ್ಯಾಸ 733.5 ಮಿ.ಮೀ. ಇದರಿಂದ ಆಕ್ಸಲ್ ನೆಲದಿಂದ ಕೇವಲ 20 ಮಿ.ಮೀ. ಮೇಲೇಳುತ್ತದೆ. ಅದಕ್ಕೆ ಪ್ರತಿಯಾಗಿ ಗೇರಿನ ಅನುಪಾತ ಸುಮಾರು ಶೇ. 6ರಷ್ಟು ಸಡಿಲಗೊಂಡು ಏರುದಾರಿಯಲ್ಲಿ ಎಳೆತ ಕುಗ್ಗುತ್ತದೆ. ಮೀಟರು 80 ಕಿ.ಮೀ. ತೋರಿಸುವಾಗ ಮೊದಲಿಗಿಂತ 4ರಿಂದ 5 ಕಿ.ಮೀ. ಹೆಚ್ಚಿನ ವೇಗವಿರುತ್ತದೆ. ಹೆಚ್ಚುವರಿ ತೂಕವನ್ನು ಬ್ರೇಕು ತಡೆಯಬೇಕು. ಹಿಂಬಾಗಿಲಿನ ಮೇಲೆ ತೂಗುವ ಸ್ಟೆಪ್ನಿಯ ಭಾರವನ್ನು ಬಾಗಿಲಿನ ಕೀಲುಗಳು ಹೊರಬೇಕು. ಕೆಸರಿಗಾಗಿಯೇ ಬದಲಾವಣೆ ಬೇಕಿದ್ದರೆ, ಮೂಲ ಗಾತ್ರದಲ್ಲಿಯೇ ಆಳವಾದ ಗುಂಡಿಗಳುಳ್ಳ ಆಲ್-ಟೆರೇನ್ ಟೈರು ಹೆಚ್ಚಿನವರ ಅಗತ್ಯವನ್ನು ಪೂರೈಸುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್

ಜಿಪ್ಸಿಯದು ಪಟ್ಟಿಗಳ ಲೀಫ್ ಸ್ಪ್ರಿಂಗ್. ಜಿಮ್ನಿಯದು ಕಾಯಿಲ್ ಸ್ಪ್ರಿಂಗ್. ಒಂದರ ದಾಸ್ತಾನು ಇನ್ನೊಂದಕ್ಕೆ ಉಪಯೋಗವಿಲ್ಲ. ಗ್ರಾಹಕರು ಸಾಮಾನ್ಯವಾಗಿ ಕೇಳುವುದು ಎತ್ತರವನ್ನು. ಅವರಿಗೆ ನಿಜವಾಗಿ ಬೇಕಾಗಿರುವುದು ಬಹುಪಾಲು ಭಾರ ತಾಳುವ ಶಕ್ತಿ. ಇವೆರಡೂ ಬೇರೆ ಬೇರೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹಿಂಬದಿಯಲ್ಲಿ ಸದಾ 120 ಕಿ.ಗ್ರಾಂ. ಹೆಚ್ಚುವರಿ ಸರಕಿದ್ದರೆ ಒಂದು ಸ್ಪ್ರಿಂಗಿಗೆ 60 ಕಿ.ಗ್ರಾಂ. ಬೀಳುತ್ತದೆ. ಪ್ರತಿ ಮಿ.ಮೀ. ಕುಗ್ಗಲು 2.5 ಕಿ.ಗ್ರಾಂ. ಬೇಕಾಗುವ ಸ್ಪ್ರಿಂಗ್ ಈ ಭಾರಕ್ಕೆ 24 ಮಿ.ಮೀ. ಇಳಿಯುತ್ತದೆ. ಅದೇ ಬಿಗಿಯ, ಆದರೆ ಉದ್ದವಾದ ಸ್ಪ್ರಿಂಗ್ ಹಾಕಿದರೂ ಇಳಿತ 24 ಮಿ.ಮೀ.ಯೇ; ಬರಿದಾದ ವಾಹನ ಮಾತ್ರ ಎತ್ತರವಾಗಿ ನಿಲ್ಲುತ್ತದೆ. 3.5 ಕಿ.ಗ್ರಾಂ. ಬಿಗಿಯ ಸ್ಪ್ರಿಂಗ್‌ನಲ್ಲಿ ಇಳಿತ 17 ಮಿ.ಮೀ.ಗೆ ತಗ್ಗುತ್ತದೆ. ಆದರೆ ಸದಾ ಖಾಲಿ ಓಡುವ ವಾಹನಕ್ಕೆ ಅದೇ ಸ್ಪ್ರಿಂಗ್ ಹಾಕಿದರೆ ಕುಲುಕಾಟ ಹೆಚ್ಚಿ, ಚಕ್ರ ನೆಲದ ಹಿಡಿತ ಕಳೆದುಕೊಳ್ಳುತ್ತದೆ. ಆದುದರಿಂದ ಮಾರಾಟಕ್ಕೆ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ "ಎಷ್ಟು ಎತ್ತರ ಬೇಕು" ಎಂಬುದಲ್ಲ, "ಎಷ್ಟು ಭಾರ ಹೊರುತ್ತೀರಿ" ಎಂಬುದು.

ಎತ್ತರವನ್ನು 40-50 ಮಿ.ಮೀ. ಹೆಚ್ಚಿಸಿದರೆ ಖರ್ಚು ಸ್ಪ್ರಿಂಗಿಗೆ ನಿಲ್ಲುವುದಿಲ್ಲ. ಮುಂದಿನ ಆಕ್ಸಲ್‌ನ ಓರೆಕೋನ ಬದಲಾಗಿ ಸ್ಟಿಯರಿಂಗ್ ನೇರದಾರಿಯಲ್ಲಿಯೂ ಅಲೆಯತೊಡಗುತ್ತದೆ. ಆಕ್ಸಲನ್ನು ಅಡ್ಡಲಾಗಿ ಹಿಡಿದಿರುವ ದಂಡ ಅದನ್ನು ಒಂದು ಬದಿಗೆ ಎಳೆಯುತ್ತದೆ. ಬ್ರೇಕ್ ಹೋಸ್ ಬಿಗಿದು ಜಗ್ಗಬಹುದು. ಮೂಲ ಶಾಕ್ ಅಬ್ಸಾರ್ಬರ್‌ನ ಉದ್ದ ಸಾಲದೆ ಹೋಗಬಹುದು. ಇವೆಲ್ಲವನ್ನೂ ಸರಿಪಡಿಸುವ ಬುಷ್, ದಂಡ ಮತ್ತು ಹೋಸ್‌ಗಳನ್ನು ಒಟ್ಟಿಗೆ ಕೊಡದೆ ಸ್ಪ್ರಿಂಗ್ ಮಾತ್ರ ಮಾರುವುದು ಅರ್ಧ ವ್ಯಾಪಾರ, ಪೂರ್ಣ ಅಪಾಯ.

ಕಾನೂನಿನ ಹೊಣೆ

ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನಗಳ ಕಾಯಿದೆ, 1988ರ 52ನೆಯ ಕಲಮು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ವಿಧಿಸಬಹುದು. ಸುರಕ್ಷತೆಗೆ ನಿರ್ಣಾಯಕವೆಂದು ಅಧಿಸೂಚಿತವಾದ ಬಿಡಿಭಾಗವನ್ನು ನಿಯಮಕ್ಕೆ ಹೊಂದದಂತೆ ಮಾರಿದವರಿಗೆ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ. ದಂಡ ಅಥವಾ ಒಂದು ವರ್ಷದವರೆಗೆ ಸೆರೆವಾಸ ಅಥವಾ ಎರಡೂ ಒದಗಬಹುದು. ಎಂದರೆ ಹೊಣೆ ಕೊಂಡವನಲ್ಲಿಗೇ ಮುಗಿಯುವುದಿಲ್ಲ. ಬದಲಾವಣೆಯನ್ನು ತಿಳಿಸದಿದ್ದಲ್ಲಿ ವಿಮಾ ಸಂಸ್ಥೆ ಪರಿಹಾರವನ್ನು ಪ್ರಶ್ನಿಸಬಹುದು. ಸಂಬಂಧಿಸಿದ ಭಾಗಗಳ ವಾರಂಟಿಯೂ ತಪ್ಪಬಹುದು.

ಲೆಕ್ಕಪತ್ರ ಮತ್ತು ದಾಸ್ತಾನು

ವಾಹನದ ಬಿಡಿಭಾಗ ಮತ್ತು ಟೈರುಗಳ ಜಿಎಸ್‌ಟಿ ದರ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿಯಿತು. ಮರುಮಾರಾಟಕ್ಕಾಗಿ ಕೊಂಡ ಸರಕಿನ ಹೂಡುವಳಿ ತೆರಿಗೆ ಜಮೆ ವರ್ತಕನಿಗೆ ದೊರೆಯುತ್ತದೆ. ಆದರೆ ಹದಿಮೂರು ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿ ಮತ್ತು ನಿರ್ವಹಣೆ ಸೇವೆಯ ಜಮೆ ಸಾಮಾನ್ಯ ಬಳಕೆದಾರನಿಗೆ ಸಿಗುವುದಿಲ್ಲ. "ತೆರಿಗೆ ವಾಪಸು ಬರುತ್ತದೆ" ಎಂದು ಹೇಳಿ ಮಾರುವುದು ಸರಿಯಲ್ಲ. ವ್ಯಾಪಾರದ ವಾಹನದಲ್ಲಿ ಸವೆದ ಶಾಕ್ ಅಬ್ಸಾರ್ಬರ್ ಬದಲಿಸಿದ ವೆಚ್ಚ ಆದಾಯ ತೆರಿಗೆಯಲ್ಲಿ ದುರಸ್ತಿ ವೆಚ್ಚವಾಗುತ್ತದೆ. ಹೊಸ ಸಾಮರ್ಥ್ಯ ಸೇರಿಸಿದ ವೆಚ್ಚವನ್ನು ಬಂಡವಾಳವೆಂದು ಪರಿಗಣಿಸಿ ಸವಕಳಿ ಪಡೆಯಬೇಕಾಗಬಹುದು. ಆದ್ದರಿಂದ ಬಿಲ್ಲಿನಲ್ಲಿ ಒಟ್ಟು ಮೊತ್ತ ಬರೆಯದೆ ಭಾಗ ಮತ್ತು ಕೂಲಿಯನ್ನು ಬೇರ್ಪಡಿಸಿ, ಅಳತೆ ಹಾಗೂ ಬ್ಯಾಚ್ ಸಂಖ್ಯೆ ನಮೂದಿಸುವುದು ಲೇಸು.

ದಾಸ್ತಾನಿನಲ್ಲಿ ಟೈರಿನ ವಯಸ್ಸನ್ನೂ ನೋಡಬೇಕು. ಬದಿಯಲ್ಲಿರುವ ನಾಲ್ಕು ಅಂಕಿಗಳು 2324 ಎಂದಿದ್ದರೆ ಅದು 2024ನೆಯ ವರ್ಷದ 23ನೆಯ ವಾರದ ತಯಾರಿಕೆ. ಮೊದಲು ಬಂದದ್ದನ್ನು ಮೊದಲು ಮಾರುವ ಕ್ರಮ ಇಲ್ಲಿ ಕಡ್ಡಾಯವೆನ್ನಬಹುದು. ವಿನ್ಯಾಸ ಹಳತಾಗುವ ಅಲಾಯ್ ರಿಮ್‌ಗಳಲ್ಲಿ ಹೆಚ್ಚು ಬಂಡವಾಳ ಹೂಡುವುದಕ್ಕಿಂತ ಸದಾ ಸವೆಯುವ ಬುಷ್, ಶಾಕ್ ಅಬ್ಸಾರ್ಬರ್ ಮತ್ತು ಮೂಲ ಅಳತೆಯ ಟೈರುಗಳನ್ನು ಇಟ್ಟುಕೊಳ್ಳುವುದು ಹಣದ ಚಲಾವಣೆಗೆ ಅನುಕೂಲ.

ಮೂಲ ಗಾತ್ರದ ಉತ್ತಮ ಟೈರು, ಮೂಲ ಆಫ್‌ಸೆಟ್‌ನ ಪ್ರಮಾಣಿತ ರಿಮ್, ಮೂಲ ಎತ್ತರದಲ್ಲಿ ಹೊರುವ ಭಾರಕ್ಕೆ ತಕ್ಕ ಸ್ಪ್ರಿಂಗ್: ತೋಟದ ದುಡಿಮೆಗೆ ಬಹುತೇಕ ಇಷ್ಟೇ ಸಾಕು. ಇದನ್ನು ಗ್ರಾಹಕನಿಗೆ ಅಂಕಿಗಳ ಮೂಲಕ ತಿಳಿಯಹೇಳುವ ವರ್ತಕನ ಒಂದು ಬಿಲ್ಲಿನ ಮೊತ್ತ ಕಡಿಮೆಯಾಗಬಹುದು. ಆದರೆ ಇಳಿಜಾರಿನ ಕೆಸರುದಾರಿಯಲ್ಲಿ ಕೆಲಸಗಾರರನ್ನು ಕೂರಿಸಿಕೊಂಡು ಇಳಿಯುವ ಆ ವಾಹನ ಸುರಕ್ಷಿತವಾಗಿ ಮನೆ ಸೇರಿದಾಗ, ಗ್ರಾಹಕ ಮುಂದಿನ ಖರೀದಿಗೂ ಅದೇ ಅಂಗಡಿಯನ್ನು ಹುಡುಕಿಕೊಂಡು ಬರುವನು.